ಹುಲ್ಲಿನಲ್ಲಿ ಮಲಗಿದ್ದ ಮರಿ: ಹೊಸ ವಿದ್ಯಾರ್ಥಿಗಳ ಜೊತೆ ಮೈದನಹಳ್ಳಿಯಲ್ಲಿ ಒಂದು ಬೆಳಗು

"ಮೇಡಂ, ಬೇಗ ಬನ್ನಿ! ಇಲ್ಲೊಂದು ಮರಿ ಸಾಯ್ತಾ ಇದೆ!"

ಬೆಳಗ್ಗೆ 8.40. ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ನಾನು ಸಾಲಿನ ಮುಂದಿದ್ದೆ. ಕೂಗು ಬಂದದ್ದು ಹಿಂದಿನಿಂದ. ತಿರುಗಿ ನೋಡುವಷ್ಟರಲ್ಲಿ ಸಾಲು ಒಡೆದಿತ್ತು. ದಾರಿಯಿಂದ ಮೂವತ್ತು ಹೆಜ್ಜೆ ಒಳಗೆ ಹದಿನೈದು ಮಂದಿ ಸುತ್ತು ಕಟ್ಟಿ ಬಗ್ಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಮೊಬೈಲ್. ನಡುವೆ ಮೊಣಕಾಲೆತ್ತರದ ಹುಲ್ಲು. ಆ ಹುಲ್ಲಿನಲ್ಲಿ ಕತ್ತನ್ನು ನೆಲಕ್ಕೆ ಚಾಚಿಕೊಂಡು ಒಂದು ಕೃಷ್ಣಮೃಗದ ಮರಿ ಮಲಗಿತ್ತು. ಕಣ್ಣು ತೆರೆದೇ ಇತ್ತು. ಮೈ ಮಾತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಒಬ್ಬ ಹುಡುಗಿ ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ ಅದರ ಬಾಯಿಯ ಹತ್ತಿರ ಹಿಡಿದಿದ್ದಳು. ಪಕ್ಕದಲ್ಲಿ ಒಬ್ಬ ಹುಡುಗ ಜಾಕೆಟ್ ಬಿಚ್ಚುತ್ತಿದ್ದ. ಮರಿಯನ್ನು ಅದರಲ್ಲಿ ಸುತ್ತಿ ಎತ್ತಿಕೊಳ್ಳಬೇಕೆಂಬುದು ಅವನ ಯೋಚನೆ. ಅವರಲ್ಲಿ ಯಾರೂ ತೊಂದರೆ ಕೊಡಬೇಕೆಂದು ಬಂದವರಲ್ಲ. ಎಲ್ಲರ ಮುಖದಲ್ಲೂ ಮರುಕವೇ ಇತ್ತು. ಮರಿ ಸಾಯುತ್ತಲೂ ಇರಲಿಲ್ಲ. ಅದು ತಾನು ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡುತ್ತಿತ್ತು.

ಆ ಇಪ್ಪತ್ತು ನಿಮಿಷ ಯಾಕೆ ಹಾಗಾಯಿತು, ಅದರಲ್ಲಿ ನನ್ನ ಪಾಲು ಎಷ್ಟು, ಆಮೇಲೆ ನಾವು ಏನೇನು ಬದಲಿಸಿಕೊಂಡೆವು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಮೊದಲ ವರ್ಷದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬಂದೀತು.

ಬೀಳು ಅಂದುಕೊಂಡ ಜಾಗ

ಮೈದನಹಳ್ಳಿ ಇರುವುದು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಂತೆ. ಹಿಂದೂಪುರ ಅಲ್ಲಿಗೆ ಹತ್ತಿರ. ಸರ್ಕಾರಿ ಹೆಸರು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. 2007ರಲ್ಲಿ ಘೋಷಣೆಯಾಯಿತು. ಒಟ್ಟು 798 ಎಕರೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನಡುವೆ ನೀಲಗಿರಿ ನೆಟ್ಟ ಜಾಗಗಳೂ ಇವೆ. ಉಳಿದದ್ದು ಬಯಲು, ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ.

ಇದು ಅಭಯಾರಣ್ಯ ಅಲ್ಲ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. 'ಸಂರಕ್ಷಣಾ ಮೀಸಲು' ಎಂಬ ಬಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. ಸರ್ಕಾರದ ಜಮೀನಿನಲ್ಲಿ, ಸುತ್ತಲಿನ ಊರಿನವರ ಜೊತೆ ಮಾತಾಡಿ ಮಾಡುವ ಮೀಸಲು ಇದು. ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಪಂಚಾಯಿತಿಯ ಪ್ರತಿನಿಧಿಗಳೂ ಇರಬೇಕು. ಹಾಗಾಗಿ ಇಂಥ ಕಡೆ ಕುರಿ, ದನ, ಹೊಲ, ಊರು ಎಲ್ಲವೂ ಮೈಗೆ ಮೈ ತಾಗಿಸಿಕೊಂಡೇ ಇರುತ್ತವೆ.

ಹೊಸ ವಿದ್ಯಾರ್ಥಿಗಳಿಗೆ ನಾನು ಬೇಕೆಂದೇ ಇಂಥ ಜಾಗ ಹುಡುಕುತ್ತೇನೆ. ನಾಗರಹೊಳೆಗೋ ಬಂಡೀಪುರಕ್ಕೋ ಹೋದರೆ ಕಾಡು ತಾನೇ ಮಾತಾಡುತ್ತದೆ, ಅಲ್ವಾ? ಬಯಲು ಹಾಗಲ್ಲ. ಬಸ್ಸು ಇಳಿದ ಕೂಡಲೇ ಒಬ್ಬ ಹುಡುಗ ಕೇಳಿದ, "ಮೇಡಂ, ಇದು ಬೀಳು ಅಲ್ವಾ?" ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಸರ್ಕಾರದ ಕಾಗದಪತ್ರಗಳಲ್ಲೂ ನಮ್ಮ ದೇಶದ ಹುಲ್ಲುಗಾವಲುಗಳು ಎಷ್ಟೋ ಕಡೆ ಪಾಳುಭೂಮಿಯ ಲೆಕ್ಕಕ್ಕೇ ಸೇರಿವೆ. ಅದೇ ಹಳೇ ಮೈಸೂರಿನ ಅರಸರು ದನಗಳಿಗಾಗಿ ಕಾವಲುಗಳನ್ನು, ಅಂದರೆ ಮೇಯಿಸುವ ಹುಲ್ಲುಗಾವಲುಗಳನ್ನು, ಕಾದಿಟ್ಟಿದ್ದರು. ಅರಸರ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿತ್ತು, ಆಮೇಲೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾಯಿತು. ಹುಲ್ಲಿಗೆ ಬೆಲೆ ಕಟ್ಟಿದ್ದ ಸೀಮೆ ಇದು. ಆ ಮಾತನ್ನು ಅವತ್ತು ಅಲ್ಲೇ ಹೇಳಬೇಕಿತ್ತು. ಹೊತ್ತಾಗಿದೆ ಎಂಬ ಗಡಿಬಿಡಿಯಲ್ಲಿ ಹೇಳಲಿಲ್ಲ.

ಆ ಬೆಳಗು

ನವೆಂಬರ್ ಮೊದಲ ವಾರದ ಒಂದು ಭಾನುವಾರ. ಬಿ.ಎಸ್ಸಿ. ಮೊದಲ ವರ್ಷದ 34 ಮಂದಿ, ನಾನು, ನನ್ನ ಸಹೋದ್ಯೋಗಿ ಒಬ್ಬರು. ಅರಣ್ಯ ಇಲಾಖೆಯಿಂದ ಮೊದಲೇ ಅನುಮತಿ ಪಡೆದಿದ್ದೆವು. ಅಲ್ಲಿಯ ಕಾವಲುಗಾರರೊಬ್ಬರು ನಮ್ಮ ಜೊತೆಗಿದ್ದರು. ನಮ್ಮ ಹತ್ತಿರ ಇದ್ದದ್ದು ಮೂರೇ ದುರ್ಬೀನು.

ಆರೂವರೆಗೆ ಹುಲ್ಲಿನ ನಡುವೆ ಇರಬೇಕೆಂದು ಲೆಕ್ಕ ಹಾಕಿದ್ದೆ. ಬಸ್ಸು ಬಂದದ್ದೇ ತಡ. ದಾರಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಮಧುಗಿರಿಯ ಏಕಶಿಲಾ ಬೆಟ್ಟ ಕಾಣುವಷ್ಟರಲ್ಲಿ ಬಿಸಿಲು ಬಂದಾಗಿತ್ತು. ನಾವು ಇಳಿದಾಗ 7.45. ಬಯಲಿನಲ್ಲಿ ಈ ಒಂದೂಕಾಲು ಗಂಟೆ ದೊಡ್ಡ ನಷ್ಟ. ಸೂರ್ಯ ಏರುತ್ತಿದ್ದಂತೆ ನೆಲದಿಂದ ಕಾವು ಏಳುತ್ತದೆ. ದುರ್ಬೀನಿನಲ್ಲಿ ದೂರದ ಪ್ರಾಣಿ ನೀರಿನೊಳಗೆ ಇದ್ದಂತೆ ಅಲೆಅಲೆಯಾಗಿ ಕಾಣುತ್ತದೆ. ಹಕ್ಕಿಗಳ ಓಡಾಟವೂ ಕಡಿಮೆಯಾಗುತ್ತದೆ.

34 ಮಂದಿಯನ್ನು ಒಂದೇ ಸಾಲಿನಲ್ಲಿ ನಡೆಸಿದೆ. ಮುಂದೆ ನಾನು ಮತ್ತು ಕಾವಲುಗಾರರು, ಕೊನೆಯಲ್ಲಿ ಸಹೋದ್ಯೋಗಿ. ಹತ್ತು ನಿಮಿಷದಲ್ಲೇ ಒಂದು ಹಿಂಡು ಕಂಡಿತು. ಕಪ್ಪು ಬಿಳುಪು ಮೈಯ, ತಿರುಚಿದ ಕೊಂಬಿನ ಗಂಡು ಒಂದು. ಸುತ್ತ ಕಂದು ಬಣ್ಣದ ಹೆಣ್ಣುಗಳು. ಮುಂದಿದ್ದ ಎಂಟು ಹತ್ತು ಮಂದಿ ನೋಡಿದರು. ಹಿಂದಿನವರು "ಎಲ್ಲಿ, ಎಲ್ಲಿ" ಎನ್ನುತ್ತ ಓಡಿ ಬರುವಷ್ಟರಲ್ಲಿ ಹಿಂಡು ಚಿಮ್ಮಿ ಹೋಯಿತು. ಹದಿನೈದು ನಿಮಿಷ ಬಿಟ್ಟು ಸೆಳೆವ ಕಂಡಿತು. ಹ್ಯಾರಿಯರ್ ಎನ್ನುತ್ತೇವಲ್ಲ, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹದ್ದಿನ ಜಾತಿ, ಅದು. ಹುಲ್ಲಿನ ತುದಿ ಸವರಿಕೊಂಡು ಹಾರುತ್ತಿತ್ತು. ಅದನ್ನೂ ಮುಂದಿನವರೇ ನೋಡಿದರು. ಹಿಂದಿನವರಿಗೆ ಕಂಡದ್ದು ಮುಂದಿನವರ ಬ್ಯಾಗು.

ಅಷ್ಟು ಹೊತ್ತಿಗೆ ಕೊನೆಯ ಹದಿನೈದು ಮಂದಿ ಬೇಸತ್ತಿದ್ದರು. ಕಾಲುಚೀಲಕ್ಕೆಲ್ಲ ಸೂಜಿಯಂಥ ಹುಲ್ಲುಬೀಜ ಚುಚ್ಚಿಕೊಂಡಿತ್ತು. ಅದನ್ನು ಕೀಳಲು ಇಬ್ಬರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಇನ್ನೂ ನಾಲ್ವರು ಅವರ ಹಿಂದೆ ಹೋದರು. ಆಗ ಸಿಕ್ಕಿದ್ದು ಆ ಮರಿ.

ಮರಿ ಯಾಕೆ ಏಳಲಿಲ್ಲ

ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ಓಡುವುದಿಲ್ಲ. ಹುಲ್ಲಿನಲ್ಲಿ ಅಡಗಿ ಮಲಗುತ್ತದೆ. ಬಯಲಿನಲ್ಲಿ ಬಚ್ಚಿಟ್ಟುಕೊಳ್ಳಲು ಮರವಿಲ್ಲ, ಬಿಲವಿಲ್ಲ. ಅಲುಗದೆ ಇರುವುದೊಂದೇ ಅದಕ್ಕಿರುವ ಮರೆ. ತಾಯಿ ಅದರ ಮೈಯನ್ನು ನೆಕ್ಕಿ ಶುಚಿ ಮಾಡಿ, ವಾಸನೆ ಹರಡದಂತೆ ನೋಡಿಕೊಂಡು, ದೂರ ಹೋಗಿ ಮೇಯುತ್ತದೆ. ಹತ್ತಿರವೇ ನಿಂತರೆ ನರಿಗೋ ನಾಯಿಗೋ ಮರಿ ಇರುವ ಜಾಗ ತೋರಿಸಿಕೊಟ್ಟಂತೆ. ದಿನದಲ್ಲಿ ಕೆಲವೇ ಸಲ ಬಂದು ಹಾಲು ಕೊಟ್ಟು ಹೋಗುತ್ತದೆ. ಕೃಷ್ಣಮೃಗದ ಓಟ ಹೆಸರಾದದ್ದು, ನಿಜ. ಒಂದು ಕಾಲಕ್ಕೆ ಈ ದೇಶದ ಬಯಲುಗಳಲ್ಲಿ ಅದರ ಬೆನ್ನಟ್ಟುತ್ತಿದ್ದದ್ದು ಚೀತಾ. ಆದರೆ ಆ ಓಟ ದೊಡ್ಡವಕ್ಕೆ. ಎಳೆಯ ಮರಿಯ ಬಲವೆಲ್ಲ ಸುಮ್ನೆ ಮಲಗುವುದರಲ್ಲಿ ಇದೆ.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದು ಇಷ್ಟೇ: "ಯಾರೂ ಮುಟ್ಟಬೇಡಿ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ." ನೀರು ಹಿಡಿದಿದ್ದ ಹುಡುಗಿ ಕೈ ತೆಗೆಯಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. "ಮೇಡಂ, ಒಂಟಿಯಾಗಿದೆ. ಬಿಟ್ಟು ಹೋದರೆ ನಾಯಿ ತಿನ್ನುತ್ತೆ." ನಾಯಿಯ ಭಯ ಸುಳ್ಳಲ್ಲ. ಊರಿನ ಅಂಚಿನ ಬಯಲುಗಳಲ್ಲಿ ಮರಿಗಳಿಗೆ ದೊಡ್ಡ ಅಪಾಯವೇ ನಾಯಿಗಳು. ಅವಳಿಗೆ ಹೇಗೆ ಉತ್ತರ ಕೊಡಲಿ ಎಂದು ನಾನು ಯೋಚಿಸುತ್ತಿದ್ದಾಗ ಹಿಂದಿನಿಂದ ಇನ್ನೊಬ್ಬ ಹುಡುಗಿ ಮಾತಾಡಿದಳು. ಪಾವಗಡದ ಕಡೆಯವಳು, ಕುರಿ ಸಾಕುವ ಮನೆಯವಳು. ಎರಡು ತಿಂಗಳಿಂದ ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದೇ ನಾನು ಕೇಳಿರಲಿಲ್ಲ.

"ಒಂಟಿ ಅಲ್ಲ ಕಣೇ. ಅಲ್ನೋಡು, ಅವ್ವ ಅಲ್ಲೇ ನಿಂತಿದೆ."

ಅವಳು ಕೈ ತೋರಿಸಿದ ಕಡೆ ಸುಮಾರು ಇನ್ನೂರೈವತ್ತು ಮೀಟರ್ ಆಚೆ ಏಳೆಂಟು ಹೆಣ್ಣುಗಳಿದ್ದವು. ಎಲ್ಲವೂ ತಲೆ ತಗ್ಗಿಸಿ ಮೇಯುತ್ತಿದ್ದವು. ಒಂದು ಮಾತ್ರ ಮೇಯುತ್ತಿರಲಿಲ್ಲ. ಕಿವಿ ನಿಮಿರಿಸಿ ನಮ್ಮನ್ನೇ ನೋಡುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ಬರುವುದು, ನಿಲ್ಲುವುದು, ಮತ್ತೆ ಹಿಂದೆ ಹೋಗುವುದು. ನಾವು 35ಕ್ಕಿಂತ ಜಾಸ್ತಿ ಮಂದಿ ಅಷ್ಟು ಹೊತ್ತು ಅಲ್ಲೇ ಇದ್ದೆವು. ಅವಳೊಬ್ಬಳನ್ನು ಬಿಟ್ಟರೆ ನಾನೂ ಸೇರಿ ಯಾರೂ ಅದನ್ನು ನೋಡಿರಲಿಲ್ಲ.

ಮುಚ್ಚಳ ಹಿಡಿದ ಕೈ ತಾನಾಗಿ ಹಿಂದೆ ಬಂತು.

ಎಲ್ಲರನ್ನೂ ದಾರಿಗೆ ಕರೆದುಕೊಂಡು ಬಂದು, ಅಲ್ಲಿಂದಲೂ ದೂರ ಸರಿದು ಒಂದು ಜಾಲಿಯ ನೆರಳಿನಲ್ಲಿ ಕೂರಿಸಿದೆ. ಆಗ ಉಳಿದದ್ದನ್ನು ಹೇಳಿದೆ. ಎತ್ತಿಕೊಂಡರೆ ಇಂಥ ಪ್ರಾಣಿಗಳು ಬರೀ ಹೆದರಿಕೆಗೇ ಮೈ ಕೆಟ್ಟು ಸಾಯಬಹುದು. ಮಲಗಿಸಿ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ, ಇರುವ ಪ್ರಾಣಿ. ಹಿಡಿಯುವುದನ್ನೂ ಕಾನೂನು ಬೇಟೆ ಎಂದೇ ಕರೆಯುತ್ತದೆ. ಜಾಕೆಟ್ ಬಿಚ್ಚಿದ್ದ ಹುಡುಗ ಇದನ್ನು ಕೇಳಿ ಬೆಚ್ಚಿದ. "ನಾನು ಉಳಿಸೋಕೆ ಹೋಗಿದ್ದು ಮೇಡಂ" ಎಂದ. ಗೊತ್ತು ಎಂದೆ. ಅವನ ಹೆಗಲ ಮೇಲೆ ಕೈ ಇಟ್ಟು ಇನ್ನೊಮ್ಮೆ ಗೊತ್ತು ಎಂದೆ.

ಅರ್ಧ ಗಂಟೆ ಕಳೆದರೂ ತಾಯಿ ಬರಲಿಲ್ಲ. ಹಿಂಡು ಇನ್ನಷ್ಟು ದೂರ ಹೋಯಿತು. ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತಿತ್ತು. ಕಾವಲುಗಾರರು ಮಾತ್ರ ನಿರಾಳವಾಗಿದ್ದರು. "ಇಷ್ಟು ಜನ ಕೂತಿದ್ದರೆ ಬರಲ್ಲ. ನೀವು ನಡೀರಿ" ಎಂದರು. ಸಹೋದ್ಯೋಗಿಯ ಜೊತೆ ಬಹಳಷ್ಟು ಮಂದಿಯನ್ನು ಬಸ್ಸಿನ ಕಡೆ ಕಳಿಸಿದೆ. ನಾನು, ಕಾವಲುಗಾರರು, ನೀರಿನ ಹುಡುಗಿ, ಕುರಿಮನೆಯ ಹುಡುಗಿ, ಇನ್ನಿಬ್ಬರು ಉಳಿದೆವು. 10.20ಕ್ಕೆ ಆ ಹೆಣ್ಣು ಒಂಟಿಯಾಗಿ ಬಂತು. ನೇರವಾಗಿ ಬರಲಿಲ್ಲ. ಸುತ್ತು ಹಾಕಿ, ನಿಂತು, ಮೇಯುವಂತೆ ತಲೆ ತಗ್ಗಿಸಿ, ಮತ್ತೆ ನಿಂತು ಬಂತು. ಹುಲ್ಲಿನ ಮೇಲೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಆರೇಳು ನಿಮಿಷ ಅಲ್ಲೇ ಇತ್ತು. ಆಮೇಲೆ ಹೊರಟಿತು. ಅದರ ಹಿಂದೆ ಹುಲ್ಲಿನ ಮೇಲೆ ಎರಡು ಸಣ್ಣ ಕಿವಿಗಳು ಸ್ವಲ್ಪ ದೂರ ಹೋಗಿ, ಒಂದು ಕಡೆ ತಟ್ಟನೆ ಮುಳುಗಿದವು. ಹೊಸ ಜಾಗದಲ್ಲಿ ಮಲಗಿತು.

ನಾವು ತುಳಿದಾಡಿದ ಜಾಗವನ್ನು ಅದು ಬಿಡಬೇಕಾಯಿತು.

ಎಲ್ಲಿ ತಪ್ಪಿದೆ

ಹೊರಡುವ ಮೊದಲು ತರಗತಿಯಲ್ಲಿ ಒಂದು ಗಂಟೆ ಪಾಠ ಮಾಡಿದ್ದೆ. ನಲವತ್ತು ಚಿತ್ರ ತೋರಿಸಿದ್ದೆ. ಹಕ್ಕಿಗಳ ಹೆಸರು, ಹುಲ್ಲಿನ ಹೆಸರು, ಕೃಷ್ಣಮೃಗದ ಲ್ಯಾಟಿನ್ ಹೆಸರು. ಕೊನೆಗೆ ಐದು ನಿಮಿಷ 'ಮಾಡಬಾರದು' ಪಟ್ಟಿ: ಕಸ ಹಾಕಬಾರದು, ಕೂಗಬಾರದು, ಗಿಡ ಕೀಳಬಾರದು. ಮಕ್ಕಳು ಇಂಥ ಪಟ್ಟಿಯನ್ನು ಒಂದನೇ ತರಗತಿಯಿಂದ ಕೇಳುತ್ತ ಬಂದಿದ್ದಾರೆ. ಅದು ಕಿವಿಯ ಮೇಲೆ ಹಾದು ಹೋಗುತ್ತದೆ, ಅಷ್ಟೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಪಟ್ಟಿ ಇರುವುದು ಕೆಟ್ಟದ್ದು ಮಾಡುವವರಿಗೆ. ಒಳ್ಳೆಯದು ಮಾಡಲು ಓಡುವವರಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಕಂಡರೆ ಅದರ ಹೆಸರೇನು ಎಂದು ಕಲಿಸಿದ್ದೆ. ಕಂಡಾಗ ನೀನು ಏನು ಮಾಡಬೇಕು ಎಂದು ಕಲಿಸಿರಲಿಲ್ಲ.

ಆ ಉದ್ದನೆಯ ಸಾಲನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಮುಂದಿದ್ದವರಿಗೆ ಎಲ್ಲವೂ ಕಂಡಿತು, ಹಿಂದಿದ್ದವರಿಗೆ ಏನೂ ಕಾಣಲಿಲ್ಲ. ಕಾಲೇಜಿಗೆ ಸೇರಿ ಎರಡೇ ತಿಂಗಳು. ಮುಂದೆ ಬಂದು ನಿಂತವರು ಯಾರು? ಆಗಲೇ ಧೈರ್ಯವಾಗಿ ಮಾತಾಡುವವರು. ಹಿಂದೆ ಉಳಿದವರು ಸಂಕೋಚದವರು, ಹಳ್ಳಿಯಿಂದ ಬಂದವರು, ಸ್ನೇಹಿತರು ಇನ್ನೂ ಆಗದವರು. ತರಗತಿಯ ಬೆಂಚಿನ ಲೆಕ್ಕವನ್ನೇ ನಾನು ಬಯಲಿಗೂ ಹೊತ್ತುಕೊಂಡು ಹೋಗಿದ್ದೆ. ಹಾಗಾಗಿ ಮರಿ ಸಿಕ್ಕಾಗ ಹಿಂದಿನವರ ಪಾಲಿಗೆ ಅದು ಆ ದಿನದ ಮೊದಲ ಪ್ರಾಣಿ. ಮೇಡಂ ತೋರಿಸಿದ್ದಲ್ಲ, ತಾವೇ ಕಂಡುಕೊಂಡದ್ದು. ಅದರ ಹತ್ತಿರ ಹೋಗಬೇಕು, ಅದಕ್ಕೆ ಏನಾದರೂ ಮಾಡಬೇಕು ಎನ್ನಿಸುವುದು ಸಹಜವಲ್ಲವೇ?

ಮೊಬೈಲ್ ಕೂಡ ಕಾಲನ್ನು ಮುಂದಕ್ಕೆ ಎಳೆಯುತ್ತದೆ. ಅದರಲ್ಲಿ ದೂರದ್ದು ಚುಕ್ಕೆಯಾಗಿ ಕಾಣುತ್ತದೆ. ಚಿತ್ರ ಚೆನ್ನಾಗಿ ಬರಬೇಕಾದರೆ ಹತ್ತಿರ ಹೋಗಲೇಬೇಕು. ದುರ್ಬೀನು ಹಾಗಲ್ಲ, ನಿಂತಲ್ಲೇ ನಿಲ್ಲಿಸುತ್ತದೆ. 34 ಮಂದಿಗೆ ಮೂರು ದುರ್ಬೀನು, 34 ಮೊಬೈಲ್. ಕಾಲು ಯಾವ ಕಡೆ ಹೋಗುತ್ತದೆ ಎಂದು ನಾನು ಮೊದಲೇ ಊಹಿಸಬೇಕಿತ್ತು.

ಇನ್ನೊಂದು ತಪ್ಪು ಬರೀ ಒಂದು ಪದದ್ದು. ತರಗತಿಯಲ್ಲಿ ನಾನು ಕೇಳಿದ್ದೆ: "ಕೃಷ್ಣಮೃಗ ಯಾರು ನೋಡಿದ್ದೀರಿ?" ಒಬ್ಬರೂ ಕೈ ಎತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಕುರಿಮನೆಯ ಹುಡುಗಿಯನ್ನು ಕೇಳಿದೆ, ನೀನು ಯಾಕೆ ಹೇಳಲಿಲ್ಲ ಎಂದು. "ನಾವು ಅದನ್ನ ಜಿಂಕೆ ಅಂತೀವಿ ಮೇಡಂ" ಎಂದಳು. ಉತ್ತರ ಕರ್ನಾಟಕದಲ್ಲಾದರೆ ಚಿಗರಿ ಎನ್ನುತ್ತಾರೆ. ಪುಸ್ತಕದ ಹೆಸರು ಹಿಡಿದು ಕೇಳಿ, ಗೊತ್ತಿದ್ದವರ ಬಾಯಿಯನ್ನು ನಾನೇ ಮುಚ್ಚಿಸಿದ್ದೆ. ಆಮೇಲೆ ಜಿಂಕೆ ಎಂದು ಕೇಳಿದರೆ ಬಸ್ಸಿನಲ್ಲಿ ಏಳು ಕೈ ಮೇಲೆ ಬಂದವು. ಅದರಲ್ಲಿ ಒಬ್ಬನ ಮನೆಯ ಕಡಲೆಕಾಯಿ ಹೊಲವನ್ನು ಅವು ಮೇಯ್ದು ಹೋಗಿದ್ದವು. ಅಪ್ಪ ರಾತ್ರಿ ಹೊಲ ಕಾಯುತ್ತಿದ್ದದ್ದನ್ನು ಅವನು ಹೇಳಿದ. ಇಡೀ ಬಸ್ಸು ಕೇಳಿತು. ಆ ಮಾತನ್ನು ಬಯಲಿನಲ್ಲಿ ನಿಂತು ಕೇಳಬೇಕಿತ್ತು.

ಇನ್ನು ಶೌಚಾಲಯದ ಮಾತು. ಇದನ್ನು ಯಾರೂ ಬರೆಯುವುದಿಲ್ಲ. ಹುಡುಗಿಯರು ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ. ಬಯಲಿನಲ್ಲಿ ಮರೆ ಇರುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತು. ಹನ್ನೊಂದು ಗಂಟೆಗೆ ಮೂವರಿಗೆ ತಲೆ ಸುತ್ತಿತು. ಹೆಣ್ಣಾಗಿ ನನಗೇ ಇದು ಹೊಳೆಯಲಿಲ್ಲವಲ್ಲ ಎಂದು ತುಂಬ ನೋವಾಯಿತು. ನೀರು ಕುಡಿಯದ ಮಗು ಯಾವ ಹಕ್ಕಿಯನ್ನು ನೋಡೀತು?

ಮರುವರ್ಷ

ಮರುವರ್ಷ ಚಿತ್ರಗಳ ಪಾಠ ಬಿಟ್ಟೆ. ಕಾಲೇಜಿನ ಮೈದಾನದ ಮೂಲೆಯಲ್ಲಿ ಹುಲ್ಲು ಬೆಳೆದಿತ್ತು. ಅದರಲ್ಲಿ ಕಂದು ಬಣ್ಣದ ಒಂದು ಹಳೇ ಟವೆಲ್ ಸುತ್ತಿ ಇಟ್ಟೆ. ಇದು ಮರಿ, ಹುಡುಕಿ ಎಂದೆ. ಮೊದಲ ಸಲ ಕಂಡ ಕೂಡಲೇ ಆರು ಮಂದಿ ಅದರ ಮೇಲೆಯೇ ಓಡಿದರು. ಆಮೇಲೆ ಮೂರು ಮಾತು ಹೇಳಿಕೊಟ್ಟೆ: ನಿಲ್ಲು, ಹಿಂದೆ ಸರಿ, ಆಮೇಲೆ ಮೆಲ್ಲಗೆ ಕರೆ. ಬಾಯಿಪಾಠ ಅಲ್ಲ, ಕಾಲಿಗೆ ಪಾಠ. ನಾಲ್ಕನೇ ಸಲಕ್ಕೆ ಎಲ್ಲರೂ ಹತ್ತು ಹೆಜ್ಜೆ ದೂರದಲ್ಲೇ ನಿಂತರು. ಹಿಂದೆ ಸರಿದ ಮೇಲೆ ಮಾಡಬೇಕಾದ ಕೆಲಸವೂ ಒಂದಿತ್ತು: ಸುತ್ತ ನೋಡಿ ತಾಯಿಯನ್ನು ಹುಡುಕುವುದು. ಸಹೋದ್ಯೋಗಿ ಮೈದಾನದ ಆಚೆ ತುದಿಯಲ್ಲಿ ನಿಂತು ತಾಯಿಯಾದರು.

ಬಯಲಿನಲ್ಲಿ ಎಂಟೆಂಟು ಮಂದಿಯ ಗುಂಪು ಮಾಡಿದೆವು. ಹದಿನೈದು ನಿಮಿಷಕ್ಕೊಮ್ಮೆ ಕೊನೆಯವರು ಮುಂದೆ, ಮುಂದಿನವರು ಕೊನೆಗೆ. ದುರ್ಬೀನು ಯಾವಾಗಲೂ ಕೊನೆಯವರ ಕೈಯಲ್ಲೇ ಇರಬೇಕು. ಇಷ್ಟು ಸಣ್ಣ ಬದಲಾವಣೆಯಿಂದ ಹಿಂದಿನವರು ಬಯಲಿನ ಕಡೆ ಕಣ್ಣಿಟ್ಟರು. ಇಡ್ಲಿಯನ್ನು ಬಸ್ಸಿನಲ್ಲೇ ತಿಂದೆವು. ಹತ್ತಿರದ ಊರಿನಲ್ಲಿ ಒಂದು ಮನೆಯವರು ಹುಡುಗಿಯರಿಗಾಗಿ ಬಾಗಿಲು ತೆರೆದಿಟ್ಟರು. ಮಜ್ಜಿಗೆಯನ್ನೂ ಕೊಟ್ಟರು.

ಇಳಿದ ಮೇಲೆ ಮೊದಲ ನಲವತ್ತು ನಿಮಿಷ ನಡಿಗೆಯೇ ಇಲ್ಲ. ದಾರಿಯ ಅಂಚಿನಲ್ಲಿ ಕೂರುವುದು ಮಾತ್ರ. ಮೊದಲ ಹತ್ತು ನಿಮಿಷ ಕಷ್ಟವಾಯಿತು. ಆಮೇಲೆ ಒಬ್ಬ ತನ್ನ ಕಾಲುಚೀಲದಿಂದ ಹುಲ್ಲುಬೀಜ ಕಿತ್ತು ಒದ್ದೆ ಅಂಗೈ ಮೇಲೆ ಇಟ್ಟುಕೊಂಡ. ಅದರ ಉದ್ದನೆಯ ಬಾಲ ಮೆಲ್ಲಗೆ ತಿರುಗತೊಡಗಿತು. ಇಬ್ಬನಿಯ ಪಸೆ ತಗುಲಿದರೆ ಅದು ಹಾಗೆ ತಿರುಚಿಕೊಂಡು ಬೀಜವನ್ನು ನೆಲದೊಳಗೆ ಕೊರೆದು ಇಳಿಸುತ್ತದೆ. ಹಿಂದಿನ ವರ್ಷ ಎಲ್ಲರೂ ಬೈದುಕೊಂಡು ಕಿತ್ತೆಸೆದ ಬೀಜವೇ ಅದು. ಎಂಟು ತಲೆಗಳು ಆ ಅಂಗೈ ಮೇಲೆ ಬಗ್ಗಿದವು. ಹಿಂಡು ಅವತ್ತು ಇನ್ನೂರು ಮೀಟರ್ ದೂರದಲ್ಲೇ ಮೇಯುತ್ತಿತ್ತು, ಓಡಲಿಲ್ಲ. ಮರಿ ಯಾವುದೂ ಕಾಣಲಿಲ್ಲ. ಇರಬಹುದು, ನಮ್ಮ ಕಣ್ಣಿಗೆ ಬೀಳಲಿಲ್ಲ.

ಎಲ್ಲವೂ ಸರಿಹೋಗಿದೆ ಎಂದಲ್ಲ. ನಾಲ್ಕು ಗುಂಪಿಗೆ ಇಬ್ಬರೇ ಅಧ್ಯಾಪಕರು ಸಾಲುವುದಿಲ್ಲ. ಹಳೆಯ ವಿದ್ಯಾರ್ಥಿಗಳನ್ನೇ ಗುಂಪಿಗೊಬ್ಬರಂತೆ ಜೊತೆಗೆ ಕರೆದುಕೊಳ್ಳುತ್ತಿದ್ದೇವೆ. ಮುಚ್ಚಳದಲ್ಲಿ ನೀರು ಹಿಡಿದಿದ್ದ ಹುಡುಗಿ ಈಗ ಮೂರನೇ ವರ್ಷ. ಕುರಿಮನೆಯ ಹುಡುಗಿಯೂ ಅಷ್ಟೆ. ಇಬ್ಬರೂ ಬರುತ್ತೇವೆ ಎಂದಿದ್ದಾರೆ. ಈ ಸಲ ಮೊದಲ ವರ್ಷಕ್ಕೆ 41 ಮಂದಿ ಸೇರಿದ್ದಾರೆ. ಒಂದೇ ದಿನ ಅಷ್ಟೂ ಮಂದಿಯನ್ನು ಹುಲ್ಲಿಗೆ ಇಳಿಸುವುದು ಬೇಡ, ಎರಡು ಭಾನುವಾರ ಬಸ್ಸು ಕೊಡಿ ಎಂದು ಪ್ರಾಂಶುಪಾಲರಿಗೆ ಪತ್ರ ಬರೆದು ಕೊಟ್ಟಿದ್ದೇನೆ. ಟವೆಲ್ ಒಗೆದು ಒಣಗಿಸಿ ಇಟ್ಟಿದ್ದೇನೆ.